ಮೂರು ವರ್ಷದ ಮಗುವನ್ನು ಯಾರ ಕೈಗೆ ಕೊಡುತ್ತೇವೆ?



ಸಂಕ್ರಾಂತಿಯ ಎಳ್ಳು-ಬೆಲ್ಲ ಹಂಚಿ ಮುಗಿಯುವ ಹೊತ್ತಿಗೆ ದಾವಣಗೆರೆಯ ಓಣಿಗಳಲ್ಲಿ ಒಂದು ಪ್ರಶ್ನೆ ಸುತ್ತತೊಡಗುತ್ತದೆ. "ಮಗೂನ ಎಲ್ಲಿಗೆ ಸೇರಿಸ್ತೀರಿ?" ವಿದ್ಯಾನಗರದಿಂದ ಹಿಡಿದು ನಿಟುವಳ್ಳಿಯವರೆಗೆ ಕಂಬ ಕಂಬಕ್ಕೂ 'ಪ್ರವೇಶ ಪ್ರಾರಂಭವಾಗಿದೆ' ಎಂಬ ಫಲಕ ಬೀಳುತ್ತದೆ. ಬೆಣ್ಣೆ ದೋಸೆ ಹೋಟೆಲಿನಲ್ಲಿ ದೋಸೆ ಬರುವವರೆಗೆ ಕಾಯುತ್ತಾ ಕುಳಿತ ಅಪ್ಪಂದಿರೂ ಮಾತಾಡುವುದು ಎಲ್.ಕೆ.ಜಿ. ಫೀಸಿನ ವಿಷಯವನ್ನೇ. ಆ ಮಾತಿನಲ್ಲಿ ಒಂದು ಹೆದರಿಕೆ ಇರುತ್ತದೆ. ಈಗ ತಪ್ಪಿದರೆ ಮಗುವಿನ ಬದುಕೇ ಹಿಂದೆ ಬಿದ್ದೀತು ಎಂಬ ಹೆದರಿಕೆ. ಅದು ನನಗೆ ಚೆನ್ನಾಗಿ ಗೊತ್ತು. ಹೋದ ವರ್ಷ ನನ್ನ ಮಗಳ ಮನೆಯಲ್ಲಿ ಅದನ್ನು ಕಣ್ಣಾರೆ ಕಂಡೆ.

ನಾನು 26 ವರ್ಷ ಅಂಗನವಾಡಿ ಮೇಲ್ವಿಚಾರಕಿಯಾಗಿದ್ದವಳು. ಮೊದಲು ಹರಿಹರ ತಾಲ್ಲೂಕು, ಆಮೇಲೆ ದಾವಣಗೆರೆ ನಗರ. ಒಂದು ವೃತ್ತವೆಂದರೆ ಇಪ್ಪತ್ತು, ಇಪ್ಪತ್ತೈದು ಕೇಂದ್ರ. ತಿಂಗಳಿಡೀ ಅವುಗಳ ಹೊಸ್ತಿಲು ತುಳಿದು, ಅಳುವ ಮಕ್ಕಳನ್ನೂ ನಗುವ ಮಕ್ಕಳನ್ನೂ ಸಾವಿರಗಟ್ಟಲೆ ನೋಡಿದ್ದೇನೆ. ಆದರೂ ಮೊಮ್ಮಗನ ಸರದಿ ಬಂದಾಗ ನನ್ನ ಎದೆಯೂ ಒಮ್ಮೆ ಅಳುಕಿತು.

ಅವನಿಗೆ ಮೂರು ತುಂಬಲು ಇನ್ನೂ ಎರಡು ತಿಂಗಳಿತ್ತು. ಮಗಳು ಒಂದು ಹೆಸರಾದ ಶಾಲೆಯ ಅರ್ಜಿ ತಂದಿದ್ದಳು. ಶಾಲೆಯ ಹೆಸರು ಇಲ್ಲಿ ಬೇಡ. ಒಂದು ಶನಿವಾರ ಮಗುವನ್ನು ಕರೆದುಕೊಂಡು ಬರಲು ಹೇಳಿದರು. ನಾನೂ ಜೊತೆಗೆ ಹೋದೆ. ತಣ್ಣನೆಯ ಕೋಣೆ, ದೊಡ್ಡ ಮೇಜು, ಅದರ ಆಚೆ ಇಬ್ಬರು. ಮೊಮ್ಮಗನ ತಲೆ ಮೇಜಿನ ಅಂಚಿಗೂ ಬರುತ್ತಿರಲಿಲ್ಲ. ಅವರು ಒಂದು ಪ್ಲಾಸ್ಟಿಕ್ ಸೇಬು ಹಿಡಿದು ಅದರ ಬಣ್ಣ ಯಾವುದೆಂದು ಇಂಗ್ಲಿಷಿನಲ್ಲಿ ಕೇಳಿದರು. ಅವನು ನನ್ನ ಮುಖ ನೋಡಿದ, ಸೇಬು ನೋಡಿದ, "ಕೆಂಪು" ಅಂದ. ಮತ್ತೆ ಕೇಳಿದರು. ಇನ್ನೂ ಗಟ್ಟಿಯಾಗಿ "ಕೆಂಪು" ಅಂದ. ಅವರು ಕಾಗದದಲ್ಲಿ ಏನೋ ಬರೆದುಕೊಂಡರು. ಹೊರಗೆ ಬಂದ ಮೇಲೆ ಮಗಳ ಕಣ್ಣಲ್ಲಿ ನೀರು. "ಅಮ್ಮ, ಇವನಿಗೆ ಏನೂ ಕಲಿಸಿಲ್ಲ ನಾವು" ಅಂದಳು. ಆ ಮಾತು ಕೇಳಿ ನನಗಾದ ಸಂಕಟ ಇವತ್ತಿಗೂ ಹೋಗಿಲ್ಲ. ಕೆಂಪನ್ನು ಕೆಂಪೆಂದು ಗುರುತಿಸಿ, ಹೊಸ ಜನರ ಎದುರು, ಎರಡು ಸಲ, ಧೈರ್ಯವಾಗಿ ಹೇಳಿದ ಮಗು ಅದು. ಅವನಿಗೆ ಎಲ್ಲವೂ ಬರುತ್ತಿತ್ತು.

2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ, ಮಗುವನ್ನು ಸೇರಿಸಿಕೊಳ್ಳುವಾಗ ಮಗುವನ್ನಾಗಲಿ ತಂದೆ ತಾಯಿಯನ್ನಾಗಲಿ ಪರೀಕ್ಷಿಸಿ ಆರಿಸಬಾರದು, ವಂತಿಗೆ ಪಡೆಯಬಾರದು ಎನ್ನುತ್ತದೆ. ಆ ಕಾಯ್ದೆ ಹೇಳುವುದು 6ರಿಂದ 14 ವರ್ಷದ ಮಕ್ಕಳ ಮಾತು. ಆರು ವರ್ಷದ ಮಗುವಿಗೇ ಪರೀಕ್ಷೆ ಬೇಡ ಎಂದು ದೇಶದ ಸಂಸತ್ತು ತೀರ್ಮಾನಿಸಿರುವಾಗ, ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬಾರದ ಮಗುವನ್ನು ಮೇಜಿನ ಮುಂದೆ ನಿಲ್ಲಿಸುವುದು ಹೇಗೆ ಸರಿಯಾದೀತು? ಮೂರು ವರ್ಷದ ಮಗುವಿಗೆ ಪರೀಕ್ಷೆ ಮಾಡುವ ಶಾಲೆಗೆ ಮಕ್ಕಳ ವಿಷಯ ಗೊತ್ತಿಲ್ಲ. ಇದು ನನ್ನ ಖಚಿತ ಅಭಿಪ್ರಾಯ. ಅಂಥ ಕಡೆಯಿಂದ ಎದ್ದು ಬನ್ನಿ.

ವಯಸ್ಸಿನ ಲೆಕ್ಕವನ್ನೂ ಸ್ವಲ್ಪ ನೋಡೋಣ. ಎರಡೂವರೆ ವರ್ಷಕ್ಕೇ ಪ್ಲೇ ಹೋಂಗೆ ಕಳಿಸುವ ಅವಸರ ಈಗ ಹೆಚ್ಚಾಗಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷದವರೆಗಿನ ಕಾಲವನ್ನು ಒಂದೇ ಬುನಾದಿ ಹಂತವೆಂದು ಕಂಡಿತು. ಒಂದನೇ ತರಗತಿಗೆ ಆರು ತುಂಬಿರಬೇಕು ಎಂಬುದು ಅದರ ನಿಲುವು. ನಮ್ಮ ರಾಜ್ಯ ಸರ್ಕಾರವೂ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು 2022ರಲ್ಲಿ ಆದೇಶ ಮಾಡಿತು. ಅದು ಜಾರಿಗೆ ಬರಬೇಕಾದ 2025-26ರಲ್ಲಿ, ಆಗಲೇ ಯು.ಕೆ.ಜಿ. ಮುಗಿಸಿದ್ದ ಮಕ್ಕಳಿಗೆ ತೊಂದರೆಯಾಗದಿರಲೆಂದು ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಿಗೆ ಇಳಿಸಿತು. ಆ ಗೊಂದಲದಲ್ಲಿ ಸಿಕ್ಕಿಕೊಂಡವರು ಯಾರು? ಬೇಗ ಸೇರಿಸಿದ ತಂದೆ ತಾಯಿಯರೇ. ಮೂರು ತುಂಬುವವರೆಗೆ ಮನೆಯಲ್ಲಿ ನೋಡಿಕೊಳ್ಳುವವರಿದ್ದರೆ ಅಜ್ಜಿಯ ಮಡಿಲೂ ಅಂಗಳದ ಮಣ್ಣೂ ಸಾಕು. ನೋಡಿಕೊಳ್ಳುವವರಿಲ್ಲದ ಮನೆಯ ಮಾತು ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಶಾಲೆ ನೋಡಲು ಹೋದಾಗ ಬಹಳ ಜನ ಕೇಳುವ ಮೊದಲ ಪ್ರಶ್ನೆ, "ಯಾವಾಗಿಂದ ಬರೆಸ್ತೀರಿ?" ಎಂಬುದು. ದಯವಿಟ್ಟು ಒಂದು ವಿಷಯ ತಿಳಿದುಕೊಳ್ಳಿ. ನಮ್ಮ ಮಣಿಕಟ್ಟಿನಲ್ಲಿ 8 ಚಿಕ್ಕ ಎಲುಬುಗಳಿವೆ. ಮೂರು ವರ್ಷದ ಮಗುವಿನ ಮಣಿಕಟ್ಟಿನ ಎಕ್ಸ್‌ರೇ ತೆಗೆದರೆ ಅದರಲ್ಲಿ ಕಾಣಿಸುವುದು ಮೂರೋ ನಾಲ್ಕೋ ಮಾತ್ರ. ಉಳಿದವು ಇನ್ನೂ ಮೆತ್ತನೆಯ ಮೃದ್ವಸ್ಥಿಯಾಗಿರುತ್ತವೆ, ಎಕ್ಸ್‌ರೇಯಲ್ಲಿ ಮೂಡುವುದಿಲ್ಲ. ಕೊನೆಯ ಎಲುಬು ಗಟ್ಟಿಯಾಗುವಾಗ ಮಗುವಿಗೆ ಎಂಟು ವರ್ಷ ದಾಟಿರುತ್ತದೆ. ಇಂಥ ಕೈಗೆ ಪೆನ್ಸಿಲ್ ಕೊಟ್ಟು ನಾಲ್ಕು ಗೆರೆಯ ಪುಸ್ತಕದಲ್ಲಿ ಪುಟಗಟ್ಟಲೆ ತಿದ್ದಿಸಿದರೆ ಬೆರಳು ನೋಯುತ್ತದೆ, ಮಗು ಅಕ್ಷರವನ್ನೇ ದ್ವೇಷಿಸಲು ಕಲಿಯುತ್ತದೆ. ಅದೇ ಕೈಗೆ ರೊಟ್ಟಿ ಹಿಟ್ಟಿನ ಮುದ್ದೆ ಕೊಡಿ, ನಾದಲಿ. ಮಣಿ ಕೊಡಿ, ಪೋಣಿಸಲಿ. ಮರಳು ಕೊಡಿ, ಬಟ್ಟಲಿಂದ ಬಟ್ಟಲಿಗೆ ಸುರಿಯಲಿ. ಬರೆಯುವ ಕೈ ತಯಾರಾಗುವುದು ಹೀಗೆ. ಮಗುವಿನ ಚೀಲದಲ್ಲಿ ಬರೆದ ಪುಸ್ತಕ ಕಾಣಲಿಲ್ಲವೆಂದು ಟೀಚರನ್ನು ಜಗ್ಗಾಡುವ ತಾಯಂದಿರಿಗೆ ನಾನು ಇದನ್ನು ಹೇಳಿ ಹೇಳಿ ಸಾಕಾಗಿದೆ. ಇನ್ನೂ ಹೇಳುತ್ತೇನೆ.

ನಾನು ನೋಡಿದ ಒಬ್ಬ ಕಾರ್ಯಕರ್ತೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಹರಿಹರದಲ್ಲಿ, ಹರಿಹರೇಶ್ವರ ಗುಡಿಯ ಹಿಂದಿನ ಓಣಿಯೊಂದರಲ್ಲಿ ಒಂದೇ ಕೋಣೆಯ ಅಂಗನವಾಡಿ. ಹೊಯ್ಸಳರ ಕಾಲದ ಆ ಗುಡಿಗೆ ದೂರದಿಂದ ಜನ ಬಂದು ಕಂಬಗಳನ್ನು ನೋಡಿ ಹೋಗುತ್ತಾರೆ. ಪಕ್ಕದಲ್ಲೇ ಇದ್ದ ಈ ಕೋಣೆಯನ್ನು ಯಾರೂ ನೋಡುತ್ತಿರಲಿಲ್ಲ. ಒಂದು ಜೂನ್ ತಿಂಗಳು, ತುಂಗಭದ್ರೆಯ ಕಡೆಯಿಂದ ತಂಪು ಗಾಳಿ ಬೀಸುತ್ತಿತ್ತು. ಹೊಸದಾಗಿ ಸೇರಿದ ಹುಡುಗ ಕಿಟಕಿಯ ಸರಳು ಹಿಡಿದು ಬಿಕ್ಕುತ್ತಿದ್ದ. ಅವನ ತಾಯಿ ಹಿಂದಿನ ದಿನ ಕಣ್ಣು ತಪ್ಪಿಸಿ ಹೋಗಿಬಿಟ್ಟಿದ್ದಳು. ಆ ದಿನವೂ ಹಾಗೇ ಜಾರಿಕೊಳ್ಳುವುದರಲ್ಲಿದ್ದಳು. ಕಾರ್ಯಕರ್ತೆ ಅವಳನ್ನು ತಡೆದಳು. "ಕದ್ದು ಹೋಗಬ್ಯಾಡ್ರಿ, ಹೇಳಿ ಹೋಗ್ರಿ. ಅತ್ತರೂ ಪರವಾಗಿಲ್ಲ. ಕದ್ದು ಹೋದ್ರೆ ನಾಳೆ ನಿಮ್ಮನ್ನೂ ನಂಬಲ್ಲ, ನನ್ನನ್ನೂ ನಂಬಲ್ಲ."

ಆಮೇಲೆ ಸೆರಗು ಸಿಕ್ಕಿಸಿ ನೆಲಕ್ಕೆ ಕುಕ್ಕರಗಾಲಲ್ಲಿ ಕೂತಳು. ಅವಳ ಮುಖ ಅವನ ಮುಖದ ಸಮಕ್ಕೆ ಬಂತು. 'ಅಳಬೇಡ' ಎಂದು ಒಂದು ಸಲವೂ ಹೇಳಲಿಲ್ಲ. "ನಿಮ್ಮವ್ವ ಬರ್ತಾಳಪ್ಪ. ನಾವು ಹಾಡು ಹೇಳ್ತೀವಿ, ಆಮ್ಯಾಲೆ ಆಟ ಆಡ್ತೀವಿ, ಆಮ್ಯಾಲೆ ಅನ್ನ ಉಣ್ತೀವಿ, ಅನ್ನ ಉಂಡ ಮ್ಯಾಲೆ ನಿಮ್ಮವ್ವ ಬರ್ತಾಳೆ" ಅಂದಳು. ಹನ್ನೆರಡು ಗಂಟೆ ಎಂದರೆ ಮಗುವಿಗೆ ಏನು ತಿಳಿಯುತ್ತದೆ? ಅನ್ನ ಉಂಡ ಮೇಲೆ ಎಂದರೆ ತಿಳಿಯುತ್ತದೆ. ಹುಡುಗ ಬಿಕ್ಕುತ್ತಲೇ ಲೆಕ್ಕ ಹಾಕುತ್ತಿದ್ದ. ಹಾಡು ಆಯ್ತು. ಆಟ ಆಯ್ತು. ಅವಳು ಅವನ ಮುಂದೆ ಒಂದು ಬುಟ್ಟಿ ಹುಣಸೆಬೀಜ ಇಟ್ಟಳು. ಕೆಲವಕ್ಕೆ ಸುಣ್ಣದ ಬಿಳಿ ಹಚ್ಚಿದ್ದಳು, ಕೆಲವು ಹಾಗೇ ಕಂದು. ಬಿಳಿಯದು ಒಂದು ಕಡೆ, ಕಂದಿನದು ಒಂದು ಕಡೆ ಇಡುತ್ತಾ ಅವನ ಅಳು ಯಾವಾಗ ನಿಂತಿತೋ ಅವನಿಗೇ ಗೊತ್ತಿರಲಿಲ್ಲ. ಬೀಜಗಳನ್ನು ಅವಳು ಎಣಿಸಿ ಕೊಟ್ಟಿದ್ದಳು, ಎಣಿಸಿ ವಾಪಸು ತೆಗೆದುಕೊಂಡಳು. ಯಾಕೆಂದು ಕೇಳಿದೆ. "ಮೂಗಿಗೆ ಹಾಕ್ಕೊಂಡುಬಿಡ್ತಾವೆ ಮೇಡಂ" ಅಂದಳು. ಅನ್ನ ಉಂಡ ಮೇಲೆ ತಾಯಿ ಬಾಗಿಲಲ್ಲಿದ್ದಳು. ಒಂದು ನಿಮಿಷವೂ ತಡಮಾಡಿರಲಿಲ್ಲ. ಒಂದು ವಾರ ತಪ್ಪದೆ ಹಾಗೇ ಬರಬೇಕೆಂದು ಕಾರ್ಯಕರ್ತೆ ಅವಳಿಂದ ಮಾತು ತೆಗೆದುಕೊಂಡಿದ್ದಳು.

ನನ್ನ ಮಟ್ಟಿಗೆ ಶಾಲೆ ಎಂದರೆ ಆ ಕುಕ್ಕರಗಾಲು. ಕಟ್ಟಡ, ಸಮವಸ್ತ್ರ, ಗೋಡೆಯ ಚಿತ್ರ ಎಲ್ಲ ಆಮೇಲಿನ ಮಾತು. ಮಗುವಿನ ಎತ್ತರಕ್ಕೆ ಇಳಿದು ಕೂರುವ ಒಬ್ಬ ವ್ಯಕ್ತಿ ಅಲ್ಲಿದ್ದಾಳೆಯೇ ಎಂದು ಮೊದಲು ನೋಡಿ.

ಇದನ್ನು ನೋಡಬೇಕಾದರೆ ಪ್ರವೇಶದ ದಿನ ಹೋಗಬಾರದು. ಅವತ್ತು ಎಲ್ಲರೂ ನಗುತ್ತಿರುತ್ತಾರೆ. ಒಂದು ಸಾಧಾರಣ ಮಂಗಳವಾರವೋ ಬುಧವಾರವೋ ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ. ಬೆಳಗಿನ ಹುರುಪು ಇಳಿದು ಮಕ್ಕಳಿಗೆ ಹಸಿವು, ನಿದ್ದೆ, ಜಗಳ ಎಲ್ಲ ಒಟ್ಟಿಗೆ ಬರುವ ಹೊತ್ತು ಅದು. ಒಂದು ಮಗು ಇನ್ನೊಂದನ್ನು ಕಚ್ಚಿದಾಗ ಟೀಚರ್ ಏನು ಮಾಡುತ್ತಾರೆ ನೋಡಿ. ಒಂದು ಮಗು ಚಡ್ಡಿಯಲ್ಲೇ ಒಂದ ಮಾಡಿಕೊಂಡರೆ ಬಟ್ಟೆ ಬದಲಿಸುವಾಗ ಆಯಾ ಮುಖ ಸಿಂಡರಿಸುತ್ತಾಳೋ, ಮಾತಾಡಿಸುತ್ತಾ ಬದಲಿಸುತ್ತಾಳೋ ನೋಡಿ. ಶೌಚಾಲಯದ ಚಿಲಕ ಮಗುವಿನ ಕೈಗೆಟಕುವಷ್ಟು ಕೆಳಗಿದ್ದು ಒಳಗಿನಿಂದ ಹಾಕಿಕೊಂಡುಬಿಡುವಂತಿದ್ದರೆ ಅದು ಅಪಾಯ, ಹೇಳಿ ತೆಗೆಸಿ. ಮಹಡಿಯ ಮೇಲಿನ ಶಾಲೆಯಾದರೆ ಮೆಟ್ಟಿಲಿಗೆ ಗೇಟು ಇದೆಯೇ? ಚಾವಣಿ ತಗಡಿನದಾದರೆ ನಮ್ಮೂರಿನ ಏಪ್ರಿಲ್ ಬಿಸಿಲಲ್ಲಿ ಆ ಕೋಣೆ ಏನಾದೀತೆಂದು ನಿಮಗೇ ಗೊತ್ತು. ಬಿಡುವ ಹೊತ್ತಿಗೆ ಇನ್ನೊಮ್ಮೆ ಹೋಗಿ ನಿಲ್ಲಿ. ಯಾರು ಬಂದು ಕೇಳಿದರೂ ಮಗುವನ್ನು ಕೊಟ್ಟು ಕಳಿಸುತ್ತಾರೋ, ಗುರುತು ನೋಡಿ ಕೊಡುತ್ತಾರೋ ಅಲ್ಲಿ ಗೊತ್ತಾಗುತ್ತದೆ. ತಂದೆ ತಾಯಿಯನ್ನು ಒಳಗೆ ಬಿಡುವುದೇ ಇಲ್ಲ, ಗೇಟಿನಿಂದಲೇ ನೋಡಿ ಎನ್ನುವ ಕಡೆ ನಾನಂತೂ ಮಗುವನ್ನು ಬಿಡುವುದಿಲ್ಲ. ಖಾಸಗಿ ಶಾಲೆಗೆ ಇಲಾಖೆಯ ನೋಂದಣಿ ಇದೆಯೇ ಎಂಬುದನ್ನು ಕ್ಷೇತ್ರ ಶಿಕ್ಷಣಾಧಿಕಾರಿಯವರ ಕಚೇರಿಯಲ್ಲಿ ವಿಚಾರಿಸಬಹುದು. ದಾವಣಗೆರೆಯಲ್ಲಿ ಉತ್ತರ, ದಕ್ಷಿಣ ಎಂದು ಎರಡು ವಲಯ, ಹರಿಹರಕ್ಕೆ ಒಂದು.

ದೂರದ ವಿಷಯ ಬಹಳ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಹರಿಹರಕ್ಕೂ ದಾವಣಗೆರೆಗೂ 14 ಕಿಲೋಮೀಟರ್. ದೊಡ್ಡವರಿಗೆ ಅದು ಏನೂ ಅಲ್ಲ. ದಿನಾ ಹೋಗಿ ಬಂದು ಕೆಲಸ ಮಾಡುವವರು ನಮ್ಮಲ್ಲಿ ಎಷ್ಟಿಲ್ಲ! ಆದರೆ ನರ್ಸರಿ ಮಗುವನ್ನು ಬೆಳಿಗ್ಗೆ ಏಳೂವರೆಗೆ ಎಬ್ಬಿಸಿ, ತುತ್ತು ತುರುಕಿ, ವ್ಯಾನಿಗೆ ಹತ್ತಿಸಿ, ಒಂದೊಂದು ಮನೆಯ ಮುಂದೆ ನಿಲ್ಲಿಸುತ್ತಾ ಹೆದ್ದಾರಿಯಲ್ಲಿ ಕರೆದೊಯ್ದರೆ ಅದು ಶಾಲೆ ಮುಟ್ಟುವಾಗಲೇ ಬಾಡಿರುತ್ತದೆ. ಮಧ್ಯಾಹ್ನ ಆ ವ್ಯಾನಿನ ಸೀಟಿನ ಮೇಲೆ ಕುತ್ತಿಗೆ ವಾಲಿಸಿ ನಿದ್ದೆ ಹೋದ ಮಕ್ಕಳನ್ನು ಕಂಡರೆ ನನ್ನ ಹೊಟ್ಟೆ ಚುರ್ ಎನ್ನುತ್ತದೆ. ಮೊದಲ ಶಾಲೆ ನಡೆದು ಹೋಗುವಷ್ಟು ಹತ್ತಿರವಿರಲಿ. ದಾರಿಯಲ್ಲಿ ನಾಯಿಮರಿ, ಹೂವಿನವಳು, ಗಿರಣಿ ಎಲ್ಲ ಸಿಗುತ್ತವೆ. ಅದೂ ಪಾಠವೇ.

ಈಗ ಭಾಷೆ. ಒಂದರಿಂದ ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಕಲಿಸಬೇಕೆಂದು ಕರ್ನಾಟಕ ಸರ್ಕಾರ 1994ರಲ್ಲಿ ಆದೇಶ ಮಾಡಿತ್ತು. ಅದನ್ನು ಒತ್ತಾಯಿಸುವಂತಿಲ್ಲ, ಆಯ್ಕೆ ತಂದೆ ತಾಯಿಯರದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರ ಮೇ 6ರಂದು ತೀರ್ಪು ಕೊಟ್ಟಿತು. ಅಂದ ಮೇಲೆ ಹೊಣೆಯೂ ತಂದೆ ತಾಯಿಯರದೇ. ಇಂಗ್ಲಿಷ್ ಬೇಡವೆಂದು ನಾನು ಹೇಳುತ್ತಿಲ್ಲ. ಅದು ಬೇಕು, ಕಾಲ ಬಂದಾಗ ಬರುತ್ತದೆ. ಆದರೆ ಮೂರು ವರ್ಷದ ಮಗುವಿಗೆ ಒಂದಕ್ಕೆ ಹೋಗಬೇಕು, ನೀರು ಬೇಕು, ಹೊಟ್ಟೆ ನೋಯುತ್ತಿದೆ, ಅವನು ಹೊಡೆದ ಎಂದು ಹೇಳಲು ಬಾಯಿ ಇರಬೇಕಲ್ಲ. ಮನೆಯ ಮಾತು ಆಡಬಾರದೆಂಬ ಕೋಣೆಯಲ್ಲಿ ಮಗು ಈ ನಾಲ್ಕನ್ನೂ ನುಂಗಿಕೊಂಡು ಕೂರುತ್ತದೆ. ನಮ್ಮ ಊರಿನಲ್ಲಿ ಮನೆಯ ಮಾತೆಂದರೆ ಕನ್ನಡವೊಂದೇ ಅಲ್ಲ, ಉರ್ದು ಇದೆ, ಲಂಬಾಣಿ ಇದೆ, ತೆಲುಗು, ಮರಾಠಿ ಇವೆ. ಆಜಾದ್ ನಗರದ ಕಡೆಯ ಒಂದು ಕೇಂದ್ರದಲ್ಲಿ ಕನ್ನಡದ ಕಾರ್ಯಕರ್ತೆಯೊಬ್ಬಳು ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಉರ್ದು ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿಟ್ಟುಕೊಂಡಿದ್ದಳು. ನೀರು, ನಿದ್ದೆ, ನೋವು, ಅಮ್ಮ. ಮೊದಲ ಪುಟದಲ್ಲಿ ಅಷ್ಟೇ ಇತ್ತು. ಒಂದು ಮಗುವಿನ ದಿನ ಕಳೆಯಲು ಬೇಕಾದ ಮಾತುಗಳನ್ನು ಅವಳು ಸರಿಯಾಗಿ ಗುರುತಿಸಿದ್ದಳು.

ನಾನು ಅಂಗನವಾಡಿಯ ಮಾತನ್ನೇ ಮತ್ತೆ ಮತ್ತೆ ತರುತ್ತಿದ್ದೇನೆ ಎಂದು ನಿಮಗೆ ಅನ್ನಿಸಿರಬಹುದು. ತರಲೇಬೇಕು. ಕೈಲಾದವರು ಶಾಲೆಗಳ ಪಟ್ಟಿ ಮಾಡುವಾಗ ಅದರ ಹೆಸರನ್ನೇ ಬರೆಯುವುದಿಲ್ಲ. ತಾರಾಬಾಯಿ ಮೋಡಕ್ ಎಂಬ ಮಹಾತಾಯಿ ಮಹಾರಾಷ್ಟ್ರದ ಬೋರ್ಡಿ, ಕೋಸಬಾಡಗಳಲ್ಲಿ ಆದಿವಾಸಿ ಮಕ್ಕಳಿಗಾಗಿ ಶಾಲೆಯನ್ನೇ ಅವರ ಹಟ್ಟಿಗೆ, ಅವರ ಅಂಗಳಕ್ಕೆ ಒಯ್ದರು. ಮಾಂಟೆಸ್ಸೊರಿ ಇಟಲಿಯಲ್ಲಿ ಮರದ ಬೆಲೆಬಾಳುವ ಸಾಮಾನುಗಳಿಂದ ಮಾಡಿದ್ದನ್ನು ಇವರು ಕಲ್ಲು, ಎಲೆ, ಚಿಪ್ಪು, ಬೀಜಗಳಿಂದ ಮಾಡಿದರು. ಅಂಗನವೆಂದರೆ ನಮ್ಮ ಅಂಗಳವೇ. ನಮ್ಮ ಹರಿಹರದ ಕಾರ್ಯಕರ್ತೆಯ ಹುಣಸೆಬೀಜದ ಬುಟ್ಟಿ ಅಲ್ಲಿಂದ ನಡೆದು ಬಂದದ್ದು. ಅವಳಿಗೆ ಆ ಹೆಸರು ಗೊತ್ತಿತ್ತೋ ಇಲ್ಲವೋ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಅದು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ, 100 ಕೇಂದ್ರಗಳೊಂದಿಗೆ. ಇವತ್ತು ಓಣಿಗೊಂದರಂತೆ ಇವೆ. ಫೀಸಿಲ್ಲ, ಪರೀಕ್ಷೆಯಿಲ್ಲ. ಬಿಸಿ ಊಟ, ಹಾಲು, ಮೊಟ್ಟೆ, ತೂಕ ನೋಡುವುದು, ಚುಚ್ಚುಮದ್ದಿನ ನೆನಪು ಮಾಡುವುದು ಎಲ್ಲ ಒಂದೇ ಕಡೆ. 'ಚಿಲಿಪಿಲಿ' ಎಂಬ ಆಟಪಾಠದ ಕ್ರಮವೂ ಇದೆ.

ಕೊರತೆಗಳನ್ನು ಮುಚ್ಚಿಡುವುದಿಲ್ಲ. ನಗರದಲ್ಲಿ ಎಷ್ಟೋ ಕೇಂದ್ರಗಳು ಬಾಡಿಗೆ ಕೋಣೆಯಲ್ಲಿವೆ, ಆಡಲು ಜಾಗವಿಲ್ಲ. ಕಾರ್ಯಕರ್ತೆಗೆ ಸಮೀಕ್ಷೆ, ಚುನಾವಣೆಯ ಕೆಲಸ, ಪೋಷಣ್ ಟ್ರ್ಯಾಕರಿನಲ್ಲಿ ದಿನದ ಲೆಕ್ಕ ತುಂಬುವ ಕೆಲಸ. ಅವಳು ಮೊಬೈಲಿಗೆ ನೆಟ್‌ವರ್ಕ್ ಹುಡುಕುತ್ತಾ ಹೊರಗೆ ನಿಂತಾಗ ಮಕ್ಕಳು ಸಹಾಯಕಿಯ ಪಾಲಿಗೆ. ಪಾಠ ನಡೆಯದೆ ಊಟ ಮಾತ್ರ ನಡೆಯುವ ಕೇಂದ್ರಗಳನ್ನೂ ನಾನು ಕಂಡಿದ್ದೇನೆ, ತಿದ್ದಲು ಹೆಣಗಿದ್ದೇನೆ. ಸರ್ಕಾರ ಅವಳಿಗೆ ಇವತ್ತಿಗೂ ಕೊಡುವುದು ಗೌರವಧನ, ಸಂಬಳವಲ್ಲ. ಅವರಿಗೂ ಉಪದಾನ, ಅಂದರೆ ಗ್ರಾಚ್ಯುಟಿ, ಸಲ್ಲಬೇಕೆಂದು ಸುಪ್ರೀಂ ಕೋರ್ಟ್ ಹೇಳಲು 2022ನೇ ಇಸವಿಯೇ ಬರಬೇಕಾಯಿತು. ಹೀಗಿದ್ದೂ ಚೆನ್ನಾಗಿ ನಡೆಯುವ ಕೇಂದ್ರಗಳಿವೆ. ನಿಮ್ಮ ಓಣಿಯದು ಯಾವ ಬಗೆಯದು ಎಂಬುದು ಹೋಗಿ ನೋಡಿದರೆ ತಾನೇ ತಿಳಿಯುವುದು?

ಮನೆಯಲ್ಲಿ ನೋಡಿಕೊಳ್ಳುವವರಿಲ್ಲದವರ ಮಾತಿಗೆ ಬರುತ್ತೇನೆಂದಿದ್ದೆ. ನಮ್ಮ ಮಂಡಕ್ಕಿ ಭಟ್ಟಿಗಳಲ್ಲಿ ನಸುಕಿಗೇ ಒಲೆ ಉರಿಯುತ್ತದೆ. ನಾವು ಸಂಜೆ ಮಿರ್ಚಿಯೊಂದಿಗೆ ತಿನ್ನುವ ಮಂಡಕ್ಕಿಗಾಗಿ ಗಂಡ ಹೆಂಡತಿ ಇಬ್ಬರೂ ಆ ಹೊಗೆಯಲ್ಲಿ ನಿಂತಿರುತ್ತಾರೆ. ಅವರ ಮಗುವಿಗೆ ಶಾಲೆಯ ಆಯ್ಕೆ ಎಂದರೆ, ಕಾದ ಮರಳಿನ ಬಾಂಡಲೆಯ ಪಕ್ಕದಲ್ಲಿ ಆಡುವುದೋ, ಒಂದು ಸುರಕ್ಷಿತ ಕೋಣೆಯಲ್ಲಿ ಆಡುವುದೋ ಎಂಬುದು. ಆ ತಾಯಂದಿರಿಗೆ ಬೆಳಿಗ್ಗೆ ಒಂಬತ್ತೂವರೆಗೆ ಬಾಗಿಲು ತೆರೆದರೆ ತಡವಾಯಿತು. ನರೇಗಾ ಕೆಲಸದವರ ಮಕ್ಕಳಿಗೆಂದು ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಸರ್ಕಾರ 2023ರಲ್ಲಿ ಘೋಷಿಸಿತು. ಅಂಥ ಮನೆ ಭಟ್ಟಿಯ ಬೀದಿಗೂ ಬೇಕು. ಇದನ್ನು ನಾನು ಇಲಾಖೆಯ ಸಭೆಗಳಲ್ಲಿ ಹೇಳುತ್ತಿದ್ದೆ, ಈಗ ಬಾನುಲಿಯಲ್ಲಿ ಹೇಳುತ್ತಿದ್ದೇನೆ.

ನನ್ನ ಮೊಮ್ಮಗ? ಆ ಹೆಸರಾದ ಶಾಲೆಯಿಂದ ಕರೆ ಬರಲಿಲ್ಲ. ಮಗಳು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮೂರನೆಯ ದಿನ ನಾವಿಬ್ಬರೂ ಓಣಿಯ ಕೊನೆಯ ಅಂಗನವಾಡಿಗೆ ಹೋಗಿ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಮೂಲೆಯಲ್ಲಿ ಕೂತೆವು. ನಾನು ಯಾರೆಂದು ಹೇಳಲಿಲ್ಲ. ಅದೇ ವಾರ ಹತ್ತಿರದ ಎರಡು ಖಾಸಗಿ ಶಿಶುವಿಹಾರಗಳನ್ನೂ ಹಾಗೇ ಕೂತು ನೋಡಿದೆವು. ಒಂದು ನಿಜಕ್ಕೂ ಚೆನ್ನಾಗಿತ್ತು, ಫೀಸೂ ಹಿಡಿತದಲ್ಲಿತ್ತು. ತೀರ್ಮಾನ ನನ್ನದಲ್ಲ, ಮಗಳದು. ಮೊದಲ ವರ್ಷ ಅಂಗನವಾಡಿ, ನಾಲ್ಕು ತುಂಬಿದ ಮೇಲೆ ಆ ಶಿಶುವಿಹಾರ ಎಂದಳು. ಮೊದಲ ಆರು ದಿನ ಅವನು ಅತ್ತ. ಏಳನೆಯ ದಿನ ತಿರುಗಿಯೂ ನೋಡದೆ ಒಳಗೆ ಓಡಿದ, ಆಗ ಅತ್ತವಳು ಮಗಳು.

ಕೇಳುಗರೇ, ನಿಮ್ಮ ಮನೆಯಲ್ಲಿ ಮೂರು ವರ್ಷದ ಮಗು ಇದ್ದರೆ ಅರ್ಜಿಗೆ ಸಹಿ ಹಾಕುವ ಮೊದಲು ಒಂದು ಬೆಳಿಗ್ಗೆ ಬಿಡುವು ಮಾಡಿಕೊಳ್ಳಿ. ನಿಮ್ಮ ಓಣಿಯ ಅಂಗನವಾಡಿಯಿಂದಲೇ ಶುರುಮಾಡಿ. ಒಳಗೆ ಹೋಗಿ ನೆಲದ ಮೇಲೆ, ಮಕ್ಕಳ ನಡುವೆ, ಎರಡು ಗಂಟೆ ಕೂತು ಬನ್ನಿ.